ಮೂರು ಸಲ ಕೇಳುತ್ತಿದ್ದ ಕೊಡ್ಲಿ ಕಾಕಾ

ಮೈ ನೋಡಿದರೆ ಕೋಣ, ದನಿ ಕೇಳಿದರೆ ಬೆಕ್ಕಿನ ಮರಿ. ಕೊಡ್ಲಿ ಕಾಕಾ ಅಂದರೆ ನನಗೆ ಮೊದಲು ನೆನಪಾಗುವುದು ಅದೇ. ಅವನು ಬಾಗಿಲಿಗೆ ಬಂದು ನಿಂತರೆ ಒಳಗಿನ ಬೆಳಕು ಹೋಗುತ್ತಿತ್ತು; ಬಾಯಿ ತೆರೆದರೆ ಒಲೆಯ ಹಿಂದೆ ಬೆಕ್ಕು ಈದಿದೆಯೇನೋ ಎಂದು ಹೆಂಗಸರು ತಿರುಗಿ ನೋಡುತ್ತಿದ್ದರು. ಆ ದನಿಯನ್ನು ಇಡೀ ಸುರಪುರದಲ್ಲಿ ನನ್ನಷ್ಟು ಚಂದ ಆಡಿ ತೋರಿಸುವವನು ಇನ್ನೊಬ್ಬನಿರಲಿಲ್ಲ. ಇದು ಜಂಬವಲ್ಲ. ಮಂದಿಯ ದನಿ ತೆಗೆಯುವ ಈ ಸುಡುಗಾಡು ವಿದ್ಯೆಯಿಂದಲೇ ನಾನು ಒಂದು ದಿನ ನಮ್ಮ ಆಯಿಯ, ಅಂದರೆ ಅಪ್ಪನ ಅವ್ವನ ಗಿಡ ಕಡಿಸಿದೆ, ಅದರ ಜೊತೆಗೆ ಕಾಕಾನ ಕಸುಬನ್ನೂ ಕೆಡವಿದೆ. ಮೊದಲೇ ಹೇಳಿಬಿಟ್ಟಿದ್ದೇನೆ. ಇಲ್ಲದಿದ್ದರೆ ನಿಮ್ಮನ್ನು ನಗಿಸುತ್ತ ನಗಿಸುತ್ತ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದೆ. ನನ್ನ ಗುಣ ನನಗೆ ಗೊತ್ತು.

ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಮನೆಯಂಗಳದ ಗಿಡ ತೆಗೆಸಬೇಕಾದವರು ಕಾಕಾನನ್ನೇ ಕರೆಯುತ್ತಿದ್ದರು. ಸುಳ್ಳು ಹೇಳುವುದರಲ್ಲಿ ಅವನ ನಾಲಿಗೆ ಕೊಡಲಿಗಿಂತ ಚುರುಕು. ಅರಸರ ತೋಟದ ಆಲದ ಗಿಡವನ್ನು ಒಂದೇ ಏಟಿಗೆ ಉರುಳಿಸಿದೆ ಅನ್ನುತ್ತಿದ್ದ. ಹೇಳಿದ ಹಾಗೆಲ್ಲ ಆ ಆಲ ದಪ್ಪವಾಗುತ್ತಿತ್ತು. ಮೀಸೆಗೆ ದೀಪದ ಕಾಡಿಗೆ ಹಚ್ಚಿಕೊಂಡು, ಬೆವೆತಾಗ ಗಲ್ಲದ ಮೇಲೆಲ್ಲ ಇಳಿಸಿಕೊಳ್ಳುತ್ತಿದ್ದ. ಕಡಿದ ಗಿಡದ ಸೊಪ್ಪು-ತಪ್ಪಲು ತನ್ನ ಆಡುಗಳಿಗೆ ಸೇರಬೇಕೆಂದು ಓಣಿಯ ಮುದುಕಿಯರೊಂದಿಗೆ ಜಗಳ ತೆಗೆದು, ಆ ದನಿಯಲ್ಲಿ ಜಗಳವಾಡಲಾಗದೆ ಸೋತು ಬರುತ್ತಿದ್ದ.

ಆದರೆ ಒಂದು ಮಾತಿನಲ್ಲಿ ಅವನು ಕಲ್ಲು. ಮನೆಯ ಹಿರಿ ಹೆಂಗಸಿನ ಬಾಯಿಂದ "ಕಡಿ" ಅನ್ನಿಸಿಕೊಳ್ಳದೆ ಅಂಗಳದ ಗಿಡಕ್ಕೆ ಕೊಡಲಿ ಹಚ್ಚುತ್ತಿರಲಿಲ್ಲ. ಗಂಡಸರ ಮಾತು ನಡೆಯುತ್ತಿರಲಿಲ್ಲ. "ಗಂಡಸರು ನೆಳ್ಳಿಗೆ ಕುಂದ್ರತಾರ, ಎದ್ದು ಹೋಗ್ತಾರ. ಕಸಾ ಹೊಡದಾಕಿ ಯಾರು? ಕಾಯಿ ಆರಸಿದಾಕಿ ಯಾರು? ಗಿಡಕ್ಕ ಬಾಯಿಲ್ಲ, ಆಕಿದಽ ಬಾಯಿ" ಅನ್ನುತ್ತಿದ್ದ. ಕೇಳುವುದೂ ಮೂರು ಸಲ. ಒಂದು ಸಲ ಕೇಳಿ ಚುಟ್ಟಾ ಸೇದಿ, ಇನ್ನೊಂದು ಸಲ ಕೇಳಿ ನೀರು ಕುಡಿದು, ಮೂರನೆಯ ಸಲ ಕೇಳುವಾಗ ಎದ್ದು ನಿಲ್ಲುತ್ತಿದ್ದ. ಮೂರಕ್ಕೂ "ಕಡಿ" ಅಂದರೆ ಕೆಲಸ. ಒಂದು ತಪ್ಪಿದರೂ ಹಗ್ಗ ಕೊಡಲಿ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ.

ನಾನು ಯಾರನ್ನು ಅಣಕಿಸಿದರೂ ಕಪಾಳಕ್ಕೆ ಬೀಳುತ್ತಿತ್ತು. ಕಾಕಾ ಒಬ್ಬನೇ ತಾನಾಗಿ ಕರೆದು, "ಬಾರೋ ತಮ್ಮಾ, ನನ್ನಂಗ ಆಡು ನೋಡೋಣು" ಅನ್ನುತ್ತಿದ್ದ. ನಾನು ಎದೆಯುಬ್ಬಿಸಿ, ಮೀಸೆ ತಿರುವಿ, ಮಿಯಾಂವ್ ದನಿಯಲ್ಲಿ "ಯವ್ವಾ, ಕಡೀಲೇನು?" ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನಾ ಸತ್ತರೂ ನನ್ನ ದನಿ ಊರಾಗ ಇರ್ತೈತಿ ಬಿಡು" ಅನ್ನುತ್ತಿದ್ದ.

ನಿಜಾಮರ ಆಳಿಕೆ ಹೋಗಿ ಹೊಸ ಸರ್ಕಾರ ಬಂದ ಹೊಸತು. ಅಪ್ಪ ಕಚೇರಿಯಲ್ಲಿ ಕಾರಕೂನ. ಉರ್ದುವಿನಲ್ಲಿ ಬರೆದು ಬರೆದು ಬಲದಿಂದ ಎಡಕ್ಕೆ ಓಡುತ್ತಿದ್ದ ಕೈಯನ್ನು ಈಗ ಎಡದಿಂದ ಬಲಕ್ಕೆ ತಿರುಗಿಸುವ ಕಷ್ಟದಲ್ಲಿದ್ದ. ಹೊಳೆಯಾಚೆಯಿಂದ ಹೊಸ ಸಾಹೇಬರು ಬಂದಿದ್ದರು. ಅವರ ಕನ್ನಡ ಬೇರೆ: "ಬನ್ನಿ, ಕುಳಿತುಕೊಳ್ಳಿ, ಏನು ಸಮಾಚಾರ?" ಅಪ್ಪ ಮನೆಯಲ್ಲಿ ಕಂಬಕ್ಕೆ ಮುಖ ಮಾಡಿ "ಕುಳಿತುಕೊಳ್ಳಿ, ಕುಳಿತುಕೊಳ್ಳಿ" ಎಂದು ರೂಢಿ ಮಾಡುತ್ತಿದ್ದ, ನಾನು ಕಂಬದ ಹಿಂದೆ ನಿಂತು "ಕುಂತೀನ್ರೀ" ಅನ್ನುತ್ತಿದ್ದೆ. ಸಾಹೇಬರು ಬಂದರೆ ಕೂರಿಸಲು ಕುರ್ಚಿ ಹಾಕಿದ ಒಂದು ಕೋಣೆ ಬೇಕು ಎಂದು ಅಪ್ಪನಿಗೆ ಹುಚ್ಚು ಹಿಡಿಯಿತು. ಕೋಣೆಯ ಜಾಗದಲ್ಲಿ ಹುಣಸಿ ಗಿಡವಿತ್ತು.

ಅದು ಆಯಿಯ ಗಿಡ. ತವರೂರು ಬಳಿಚಕ್ರದಿಂದ ಮದುವೆಯಾಗಿ ಬರುವಾಗ ತವರಿನ ಹಿತ್ತಲಿನ ಸಸಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಬಂಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳಂತೆ. ಆ ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ, ಮನೆಯೂ ಬಿದ್ದಿತ್ತು. ಉಳಿದದ್ದು ನಮ್ಮ ಅಂಗಳದ ಈ ಗಿಡ.

"ಹುಣಸಿ ಗಿಡದಾಗ ದೆವ್ವ ಇರ್ತಾವ ಅಂತಾರವ್ವಾ" ಎಂದು ಅಪ್ಪ ಹೆದರಿಸಿ ನೋಡಿದ.

"ಇದ್ದರ ನಮ್ಮ ತವರಿನ ದೆವ್ವ ಅದು. ಇರಲಿ ಬಿಡು, ಮಾತಾಡ್ಸಾಕ ಒಬ್ಬರಾದರೂ ಬೇಕಲ್ಲ" ಅಂದಳು ಆಯಿ.

ಅಪ್ಪ ಕಾಕಾನನ್ನು ಕರೆಸಿದ. ಕಾರಕೂನರ ಮನೆ ಎಂಬ ಬಿಂಕಕ್ಕೆ ನಮ್ಮ ಹೆಂಗಸರು ಹೊರಗಿನ ಗಂಡಸರ ಜೊತೆ ಮಾತಾಡುವುದು ನಡುಮನೆಯ ಕದದ ಹಿಂದಿನಿಂದ. ಕಾಕಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, "ಯವ್ವಾ, ಕಡೀಲೇನು?" ಅಂದ.

"ಏ ಕ್ವಾಣಾ, ಕಡದೀ ಅಂದರ ನಿನ್ನ ಮೀಸಿ ಕಡಸ್ತೀನಿ!" ಕದದ ಹಿಂದಿನಿಂದ ಬಂತು.

ಕಾಕಾ ನಗುತ್ತ ಎದ್ದು ಹೋದ. ಕೆಲವು ದಿನ ಬಿಟ್ಟು ಅಪ್ಪ ಮತ್ತೆ ಕರೆಸಿದ. ಮತ್ತೆ ಅದೇ ಬೈಗಳ, ಅದೇ ನಗು. "ಆಯಿ ಕಡಿ ಅನ್ನಲಿಲ್ಲಂದರ ನಾ ಕಡ್ಯಾಂವಲ್ರೀ" ಎಂದು ಅಪ್ಪನಿಗೆ ಹೇಳಿ ಹೋದ.

ಮೂರನೆಯ ಸಲ ಅವನನ್ನು ಯಾರೂ ಕರೆಸಲಿಲ್ಲ. ಬೇರೆ ಓಣಿಯಲ್ಲಿ ಕೆಲಸ ಮುಗಿಸಿ ಇಬ್ಬರು ಆಳುಗಳೊಂದಿಗೆ ಹೋಗುತ್ತಿದ್ದವನು, ಹಾದಿ ಮೇಲಿನ ಮನೆ, ಕೇಳಿ ನೋಡೋಣ ಎಂದು ಒಳಗೆ ಬಂದ. ಆಯಿ ಮತ್ತು ಅವ್ವ ಬೆಳಿಗ್ಗೆಯೇ ರಂಗಂಪೇಟೆಯ ಅತ್ತೆಯ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಅಪ್ಪ ಕಚೇರಿಯಲ್ಲಿ. ಒಳಗೆ ನಾನೊಬ್ಬನೇ ಮಲಗಿದ್ದೆ. ಚಿಕ್ಕವನೇನಲ್ಲ, ಮೀಸೆ ಮೂಡಿತ್ತು; ಅದಕ್ಕೂ ಆಗಲೇ ಕಾಕಾನಂತೆ ಕಾಡಿಗೆ ಹಚ್ಚಿ ನೋಡಿಯಾಗಿತ್ತು.

"ಯವ್ವಾ, ಕಡೀಲೇನು?" ಅಂಗಳದಿಂದ ಬಂತು.

ನಾನು ಕದದ ಹಿಂದೆ ಹೋಗಿ ನಿಂತೆ. ಆಯಿಯ ಹಾಗೆ ಎರಡು ಸಲ ಕೆಮ್ಮಿದೆ. ಆಯಿಯ ಸೀಳು ದನಿಯಲ್ಲಿ, "ಕಡಿಯಪ್ಪಾ" ಅಂದೆ.

ನನಗೆ ಒಳಗೊಳಗೇ ನಗು. ಮೂರನೆಯದು ಆದ ಮೇಲೆ ಕದ ತೆಗೆದು ಹಾರಿ, "ಮಿಯಾಂವ್!" ಅನ್ನಬೇಕು, ಕಾಕಾ ಹೊಟ್ಟೆ ಹಿಡಿದುಕೊಳ್ಳಬೇಕು, ಅಷ್ಟೇ ನನ್ನ ಲೆಕ್ಕ. ಚುಟ್ಟಾ ವಾಸನೆ ಬಂತು. ಎರಡನೆಯ ಸಲ ಕೇಳಿದ, ಅಂದೆ. ನೀರು ಗಟಗಟ ಕುಡಿದ. ಮೂರನೆಯ ಸಲ ಕೇಳಿದ, ಅಂದೆ. ಕದಕ್ಕೆ ಕೈ ಹಾಕಿ ಸಂದಿಯಿಂದ ನೋಡಿದೆ.

ಕಾಕಾ ರುಮಾಲು ತೆಗೆದು ನಮ್ಮ ಹೊಸ್ತಿಲ ಮುಂದೆ ಇಟ್ಟಿದ್ದ. ಅಷ್ಟು ದೊಡ್ಡ ಮೈಯನ್ನು ಮಡಚಿ ನೆಲಕ್ಕೆ ಹಣೆ ಹಚ್ಚಿದ್ದ. "ತವರು ಕೊಟ್ಟೀಯವ್ವಾ ನೀ ಇವತ್ತು" ಅಂದ. "ಗ್ವಾಡಿಗಿ ಒಂದ ಗೀರು ಬೀಳಗೊಡೂದಿಲ್ಲ. ಕಾಯಿ ಟೊಂಗಿ ಮೊದಲ ಇಳಸ್ತೀನಿ, ನಿನಗಽ ಕೊಡ್ತೀನಿ." ದನಿ ಒಡೆದಿತ್ತು. ನಾನು ಆಡಿ ತೋರಿಸುವ ದನಿಗಳ ಚೀಲದಲ್ಲಿ ಕಾಕಾನ ಅಳುವ ದನಿ ಇರಲಿಲ್ಲ.

ಕದ ತೆಗೆಯಲು ಆಗಲಿಲ್ಲ. ನೆಲಕ್ಕೆ ಹಣೆ ಹಚ್ಚಿದವನ ಮುಂದೆ ಮಿಯಾಂವ್ ಅನ್ನುವುದು ಹೇಗೆ? ಏಳಲಿ, ಆಮೇಲೆ ಹೇಳೋಣ ಅಂದುಕೊಂಡೆ. ಎದ್ದ. ಹಗ್ಗ ಕಟ್ಟಲಿ, ಆಗ ಹೇಳೋಣ. ಕಟ್ಟಿದರು. ಟೊಂಗೆ ತಾನೆ, ಮತ್ತೆ ಚಿಗುರುತ್ತದೆ, ಬುಡಕ್ಕೆ ಬರಲಿ. ಬಂದರು. ಹೀಗೆ ಪ್ರತಿ ಏಟಿಗೂ ಮುಂದಿನ ಏಟಿನ ತನಕ ವಾಯಿದೆ ಕೊಟ್ಟುಕೊಳ್ಳುತ್ತ ನಿಂತೆ. ಗಿಡ ಬಿದ್ದಾಗ ನೆಲ ನಡುಗಿತು, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಝಣ್ ಅಂದವು. ನಾನು ಹಿಂಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಈಗಷ್ಟೇ ಬಂದವನ ಹಾಗೆ ಮುಂದಿನಿಂದ ಬಂದು ಮಂದಿಯ ನಡುವೆ ನಿಂತೆ. ನೋಡಿ, ಅಷ್ಟು ಬುದ್ಧಿ ಆಗಲೂ ಓಡುತ್ತಿತ್ತು.

ಇಳಿಹೊತ್ತಿಗೆ ಆಯಿ ಬಂದಳು. ಸೆರಗಿನಲ್ಲಿ ತೊಟ್ಟಿಲ ಕಾರ್ಯದ ಗುಗ್ಗರಿ ಕಟ್ಟಿಕೊಂಡಿದ್ದಳು. ಬಾಗಿಲಲ್ಲಿ ನಿಂತಳು. ಯಾವಾಗಲೂ ಗಿಡದ ನೆರಳಿರುತ್ತಿದ್ದ ಕಡೆ ಬಿಸಿಲು ಬಿದ್ದಿತ್ತು.

ಕಾಕಾ ಬುಡ ಅಗೆಯಲು ಗುದ್ದಲಿ ಎತ್ತಿದವನು ಅವಳನ್ನು ಕಂಡು ಖುಷಿಯಿಂದ, "ನೋಡವ್ವಾ, ಗ್ವಾಡಿಗಿ ಗೀರು ಸೈತ..." ಅಂದವನು ಅಲ್ಲಿಗೇ ನಿಂತ. ಆಯಿ ಬಂದದ್ದು ಓಣಿಯಿಂದ. ಅವನು ನಡುಮನೆಯ ಕದ ನೋಡಿದ. ಆಯಿಯ ಕಾಲಿನ ಧೂಳು ನೋಡಿದ. ಮೀಸೆಯ ಕಾಡಿಗೆ ಇಳಿದ ಆ ದೊಡ್ಡ ಮುಖ ಬೂದಿಯಾಯಿತು.

ಓಣಿಯೆಲ್ಲ ಅಲ್ಲೇ ಇತ್ತು. ಎದುರುಮನೆಯಾಕೆ ಕೇಳಿಯೇಬಿಟ್ಟಳು: "ಆಯೀ, ನೀ ಕಡಿ ಅಂದಿದ್ದೇನು? ಇಲ್ಲಾ ಈ ಕಾಕಾ ಕೇಳದಽ ಕಡದಾನೇನು?"

ಇಲ್ಲ ಅಂದಿದ್ದರೆ ನಾಳೆಯಿಂದ ಯಾವ ಅಂಗಳವೂ ಅವನನ್ನು ಕರೆಯುತ್ತಿರಲಿಲ್ಲ. ಇದು ಕಾಕಾನಿಗೆ ಗೊತ್ತು, ಆಯಿಗೂ ಗೊತ್ತು. ಆಯಿ ಮಂದಿಯ ಮೇಲೆ ಒಂದು ಸುತ್ತು ಕಣ್ಣಾಡಿಸಿದಳು. ನನ್ನ ಹತ್ತಿರ ಬಂದಾಗ ಆ ಕಣ್ಣು ನಿಂತಿತು.

"ಅಂದೀನಿ" ಅಂದಳು. "ಮುಂಜಾನಿ ಅಂದಽ ಹೋಗೀನಿ. ಮುದುಕಿ ಗಿಡಾ, ಮುದುಕಿ ಬಾಯಿ. ನಿನಗ್ಯಾಕವ್ವಾ ಉಸಾಬರಿ? ಏ ಕ್ವಾಣಾ, ಗುದ್ದಲಿ ಕೆಳಗಿಡು. ಬಿದ್ದದ್ದು ಬಿತ್ತು, ಬುಡಕ್ಕ ಕೈ ಹಚ್ಚಬ್ಯಾಡ."

ಕಾಕಾ ಗುದ್ದಲಿ ಇಟ್ಟ. ಅವನೂ ನನ್ನ ಕಡೆ ನೋಡಿದನೇ? ನೋಡಿದ ಹಾಗೆ ಅನಿಸಿತು. ನಾನು ನನ್ನ ಕಾಲು ನೋಡಿಕೊಳ್ಳುತ್ತಿದ್ದೆ.

ಮಂದಿ ಹೋದ ಮೇಲೆ ಆಯಿ ನನಗೆ ಗುಗ್ಗರಿ ಕೊಟ್ಟಳು. ಹೊಡೆದಿದ್ದರೆ ಹಗುರಾಗುತ್ತಿದ್ದೆ. "ಎಷ್ಟ್ ಸಲಾ ಅಂದಿ?" ಎಂದು ಕೇಳಿದಳು. ಮೂರು ಅಂದೆ. "ಏನಂತ ಅಂದಿ?" "ಕಡಿಯಪ್ಪಾ ಅಂತ." ಆಯಿ ಖಾಲಿ ಸೆರಗು ಕೊಡವಿಕೊಂಡು, "ನನ್ನಂಗ ಆಡ್ತೀ ಅಂತ ಊರೆಲ್ಲ ಹೊಗಳ್ತದ. ಆ ಕ್ವಾಣಗ ನಾ ಯಾವತ್ತರ ಬೈಯದ ಮಾತಾಡೀನೇನೋ?" ಅಂದಳು. ಮುಂದೆ ಸಾಯುವ ತನಕ ಆ ಮಾತು ಎತ್ತಲಿಲ್ಲ. ನಾನು ಯಾರ ದನಿ ತೆಗೆದರೂ ಎದ್ದು ಒಳಗೆ ಹೋಗುತ್ತಿದ್ದಳು, ಅಷ್ಟೇ.

ಬುಡ ಬಿಟ್ಟು ಕಟ್ಟಿದ ಕೋಣೆ ಸೊಟ್ಟಗಾಯಿತು. ಸಾಹೇಬರು ಒಂದೇ ಒಂದು ಸಲ ಬಂದರು. ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತ, "ಇಲ್ಲೊಂದು ಮರ ಇದ್ದಿದ್ದರೆ ತಂಪಾಗಿರುತ್ತಿತ್ತು ನೋಡಿ" ಅಂದರು. "ಕುಳಿತುಕೊಳ್ಳಿ" ಅಂದ ಅಪ್ಪ.

ಕಾಕಾ ಅವತ್ತಿನಿಂದ ಹೊಸ ಕಾನೂನು ತೆಗೆದ. ಕದದ ಹಿಂದಿನ ಮಾತು ನಡೆಯುವುದಿಲ್ಲ. ಹಿರಿಯಾಕೆ ಅಂಗಳಕ್ಕೆ ಬರಬೇಕು, ಗಿಡದ ಪಕ್ಕ ನಿಲ್ಲಬೇಕು, ಮುಖ ನೋಡಿ ಹೇಳಬೇಕು. ದೊಡ್ಡ ಮನೆಗಳಲ್ಲಿ ಇದು ಹೇಗೆ ಸಾಧ್ಯ? "ಇವನ ಮುಂದ ನಮ್ಮ ಹೆಂಗಸರು ಬಂದು ನಿಂದರಬೇಕೇನು?" ಎಂದು ಅವರು ಶಹಾಪುರದ ಗರಗಸದವರನ್ನು ಕರೆಸತೊಡಗಿದರು. ಕಾಕಾನಿಗೆ ಉಳಿದದ್ದು ಬಯಲಿನ ಜಾಲಿ, ಉರುವಲ ಕಟ್ಟಿಗೆ. ಮೀಸೆಗೆ ಕಾಡಿಗೆ ಹಚ್ಚುವುದು ಬಿಟ್ಟ. ಊರಿಗೆ ಇದು ತಮಾಷೆ. ಚಹಾದ ಅಂಗಡಿಯಲ್ಲಿ ಗೆಳೆಯರು, "ಕಾಕಾನ ಹೊಸಾ ಕಾನೂನು ಆಡಿ ತೋರ್ಸಲೇ" ಅಂದರು. ತೋರಿಸಿದೆ. ಎಲ್ಲರೂ ನಕ್ಕರು. ಅದಕ್ಕೂ ಮನಸ್ಸು ಬಂತು ನನಗೆ.

ಕಾಕಾ ಎದುರಾದರೆ "ಆರಾಮ ತಮ್ಮಾ?" ಅನ್ನುತ್ತಿದ್ದ. "ನನ್ನಂಗ ಆಡು" ಎಂದು ಮಾತ್ರ ಮತ್ತೆ ಯಾವತ್ತೂ ಕೇಳಲಿಲ್ಲ.

ಹೋದ ಸುಗ್ಗಿಯಲ್ಲಿ ಅವನು ತೀರಿಕೊಂಡ. ಬಾಳೆಲ್ಲ ಗಿಡ ಕಡಿದವನನ್ನು ಮಣ್ಣಿಗಿಟ್ಟೆವು. ಒಂದು ತುಂಡು ಕಟ್ಟಿಗೆಯೂ ಬೇಕಾಗಲಿಲ್ಲ. ದಾರಿಯಲ್ಲಿ ಯಾರೋ ನನ್ನ ಕಿವಿಯಲ್ಲಿ, "ಕಾಕಾನ ದನಿ ಒಮ್ಮಿ ತಗಿ ನೋಡೋಣು, ಕಡೀ ಸಲ" ಅಂದರು. ಬಾಯಿ ತೆರೆದೆ, ಬರಲಿಲ್ಲ. ನಮ್ಮ ಅಂಗಳದಲ್ಲಿ ಆ ಬುಡದಿಂದ ಚಿಗುರಿದ ಹುಣಸಿ ಈಗಲೂ ನಿಂತಿದೆ. ಅದು ನಿಂತಿರುವುದು ಕಾಕಾನ ಒಂದು ಮಾತಿಗೆ.

ಅವನು ಆ ಮಾತು ಆಡಿದ್ದು ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದಾದ ವರ್ಷ. ಆಯಿ ಹೋಗಿ ವರ್ಷ ಕಳೆದಿತ್ತು. ಅಪ್ಪನಿಗೆ ಯಾದಗಿರಿಗೆ ವರ್ಗವಾಗಿ ಅವ್ವನೂ ಹೋಗಿದ್ದಳು. ನಾನು ಶಾಲೆ ಮಾಸ್ತರನಾಗಿ ಮನೆಯಲ್ಲಿ ಒಬ್ಬನೇ. ಚಿಗುರು ಎರಡಾಳೆತ್ತರ ಬೆಳೆದು ಅಪ್ಪನ ಸೊಟ್ಟ ಕೋಣೆಯ ಗೋಡೆ ಬಿರಿಯುತ್ತಿತ್ತು. "ತಗಿಸಿಬಿಡು" ಎಂದು ಅಪ್ಪ ಹೇಳಿಕಳಿಸಿದ. ಗರಗಸದವರನ್ನು ಕರೆಯಬಹುದಿತ್ತು. ನಾನು ಕಾಕಾನನ್ನೇ ಕರೆದೆ. ಎಲ್ಲ ಹೇಳಿ ಕಾಲಿಗೆ ಬೀಳಬೇಕು ಅಂದುಕೊಂಡಿದ್ದೆ.

ಕಾಕಾ ಕೊಡಲಿಯನ್ನು ಕೋಲಿನ ಹಾಗೆ ಊರಿಕೊಂಡು ಬಂದ. ಮೈ ಇಳಿದಿತ್ತು, ಈಗ ದನಿಗೆ ಸರಿಯಾಗಿ ಹೊಂದುತ್ತಿತ್ತು. ಎಳೆಯ ಗಿಡದ ಕಾಂಡಕ್ಕೆ ಬೆನ್ನು ಕೊಟ್ಟು ಕೂತ.

"ಯಾರ ಬಾಯಿಲೆ ಕೇಳಬೇಕೋ ಈಗ?"

"ಮನಿಯಾಗ ಹೆಂಗಸರಿಲ್ಲ ಕಾಕಾ. ನಾನಽ ಕಸಾ ಹೊಡಿತೀನಿ, ನಾನಽ ಕಾಯಿ ಆರಸ್ತೀನಿ."

"ಹಂಗಾರ ನೀನಽ ಬಾ. ಇಲ್ಲಿ, ಗಿಡದ ಬಾಜೂಕ ನಿಂದ್ರು."

ನಿಂತೆ. "ಕಾಕಾ, ಅವತ್ತು ಕದದ ಹಿಂದ..." ಎಂದು ಶುರು ಮಾಡಿದೆ. ಅವನು ಕೈಯೆತ್ತಿ ತಡೆದ. ಚುಟ್ಟಾ ಹಚ್ಚಲಿಲ್ಲ, ನೀರು ಕೇಳಲಿಲ್ಲ. ಕೊಡಲಿ ಊರಿ ಕಷ್ಟಪಟ್ಟು ಎದ್ದು ನಿಂತು, ನನ್ನ ಮುಖವನ್ನೇ ನೋಡುತ್ತ ಕೇಳಿದ: "ಕಡೀಲೇನು?"

ಎರಡು ಸಲ ಕೆಮ್ಮಿದೆ. "ಕಡಿ..." ಎಂದು ಬಂದದ್ದು ಒಡಕು, ಸೀಳು, ದೇವರಾಣೆಗೂ ನಾನು ಬೇಕೆಂದು ತೆಗೆದ ದನಿಯಲ್ಲ.

ಕಾಕಾ ಕೊಡಲಿಯನ್ನು ಹೆಗಲಿಗೇರಿಸಿದ.

"ಆಯಿ ಸತ್ತು ವರ್ಷಾತೋ ತಮ್ಮಾ. ಈ ಸಲ ನಿನ್ನ ದನೀಲೆ ಹೇಳು."