ಮಸ್ಟರಿಗೆ ಏಳುವ ಊರು

ನನ್ನ ಭಾವ ಕುಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೆಳಕು ಹರಿಯುವ ಮುಂಚೆ ಅಲ್ಲಿ ಹಾಜರಿಯ ಮಸ್ಟರ್ ನಡೆಯುತ್ತಿತ್ತು. ತೂಗುಹಾಕಿದ ರೈಲು ಕಂಬಿಯ ತುಂಡನ್ನು ಕಾವಲುಗಾರ ಬಾರಿಸುವನು, ಲೈನುಗಳೆಂಬ ಸಾಲುಮನೆಗಳಿಂದ ಆಳುಗಳು ಬಂದು ಸಾಲಾಗಿ ನಿಲ್ಲುವರು, ಭಾವ ಖಾಕಿ ಕೋಟು ತೊಟ್ಟು ಬೆತ್ತ ಹಿಡಿದು ಅವರನ್ನು ಎಣಿಸಿ, ಯಾರು ಕಳೆಗೆ, ಯಾರು ಗಿಡ ಸವರುವ ಕಪಾತಿಗೆ ಎಂದು ಹಂಚುವರು. ರೈಲೇ ಇಲ್ಲದ ಕೊಡಗಿನಲ್ಲಿ ಎಸ್ಟೇಟಿಗೆ ರೈಲು ಕಂಬಿ ಎಲ್ಲಿಂದ ಬಂತು ಎಂಬುದನ್ನು ನಾನು ವಿಚಾರಿಸಿದ್ದೇನೆ. ಯಾರಿಗೂ ಗೊತ್ತಿರಲಿಲ್ಲ.

ಒಂದು ವರ್ಷ ಕೊಯ್ಲು ಮುಗಿದ ಮೇಲೆ ತೋಟದ ಇಂಗ್ಲಿಷ್ ದೊರೆ ಅದನ್ನು ಮಾರಿ ತಮ್ಮ ಸೀಮೆಗೆ ಹೊರಟರು. ಕೊಂಡವರಿಗೆ ಅವರದೇ ಒಬ್ಬ ರೈಟರ್ ಇದ್ದ. ಮಳೆ ಹಿಡಿಯುವುದರೊಳಗೆ ಕ್ವಾರ್ಟರ್ಸ್ ಬಿಡಬೇಕೆಂದು ಭಾವನಿಗೆ ತಿಳಿಸಿದರು. ಭಾವನಿಗೆ ಸ್ವಲ್ಪ ಉಳಿತಾಯವಿತ್ತು, ಮಕ್ಕಳಿರಲಿಲ್ಲ, ಇನ್ನೊಬ್ಬರ ಕೈಕೆಳಗೆ ದುಡಿಯುವ ಮನಸ್ಸೂ ಇರಲಿಲ್ಲ. ತಮಗೆ ಸರಿಹೊಂದುವ ಊರೊಂದನ್ನು ಆರಿಸಿ ಅಲ್ಲಿ ನೆಲೆಸುವುದು ಎಂದು ತೀರ್ಮಾನಿಸಿದರು. ಸಿಕ್ಕಿದ ಊರಿಗೆ ಹೋಗುವುದು ಬೇರೆ, ಊರನ್ನು ಆರಿಸುವುದು ಬೇರೆ ಎಂದು ನನಗೆ ವಿವರಿಸಿದರು. ನಾನಾಗ ಮಡಿಕೇರಿಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವುದರಿಂದ ಹಿಡಿದು ವರದಿ ಬರೆಯುವವರೆಗೆ ಎಲ್ಲವನ್ನೂ ಮಾಡುತ್ತಿದ್ದೆ. ಹಾಗಾಗಿ ನಿಷ್ಪಕ್ಷಪಾತ ಸಾಕ್ಷಿಯೆಂದು ನನ್ನನ್ನು ಜೊತೆಗೆ ಕರೆದರು. ಕಂಡದ್ದನ್ನು ಕಂಡೆ ಅನ್ನು, ಕೇಳಿದ್ದನ್ನು ಕೇಳಿದೆ ಅನ್ನು ಎಂಬುದು ನಮ್ಮ ಸಂಪಾದಕರ ಪಾಠ. ಇಲ್ಲಿರುವುದರಲ್ಲಿ ಹೆಚ್ಚಿನದು ನಾನು ಕಂಡದ್ದು.

ಭಾವನ ಷರತ್ತುಗಳು ಸ್ಪಷ್ಟವಾಗಿದ್ದವು. ಊರು ಬೇಗ ಏಳಬೇಕು. ಮಡಿಕೇರಿಯಷ್ಟು ಮಳೆ ಇರಬಾರದು. ಪತ್ರಿಕೆ ಅದೇ ದಿನ ಕೈಗೆ ಸಿಗಬೇಕು. ಇವುಗಳಲ್ಲಿ ಮೊದಲನೆಯದೇ ಮುಖ್ಯ. ಬೆಳಗಾಗುವ ಮುಂಚೆ ಏಳದ ಜನರ ನಡುವೆ ತಾವು ಒಬ್ಬರೇ ಎದ್ದು ಕೂತು ಏನು ಮಾಡುವುದು ಎಂದು ಅವರು ಕೇಳಿದರು.

ಅಕ್ಕನ ಷರತ್ತು ಒಂದೇ ಇತ್ತು. ಅದನ್ನು ಅವಳು ಕಾಫಿ ಬಗ್ಗಿಸುತ್ತಾ ಹೇಳಿದಳು.

"ಬೇಲಿ ಆಚೆ ಒಬ್ಬಳು ಇರಬೇಕು. ಮಾತಾಡ್ಸಿದ್ರೆ ಮಾತಾಡೋಳು."

"ಅದು ಊರಿನ ಗುಣ ಅಲ್ಲ," ಎಂದರು ಭಾವ. "ಬೇಲಿಯ ಗುಣ."

ಹೊರಗಿನವರಿಗೆ ಇದು ಸಣ್ಣ ಬೇಡಿಕೆಯಾಗಿ ಕಾಣಬಹುದು. ಆದರೆ ಎಸ್ಟೇಟಿನಲ್ಲಿ ರೈಟರ ಮನೆ ಮೇಲಿನ ಬಂಗಲೆಗೂ ಕೆಳಗಿನ ಲೈನುಗಳಿಗೂ ನಡುವೆ ಒಂಟಿಯಾಗಿ ನಿಂತಿರುತ್ತಿತ್ತು. ಬಂಗಲೆಯ ದೊರೆಸಾನಿ ಕಾರಿನಿಂದ ಕೈ ಬೀಸುತ್ತಿದ್ದರು, ಅಷ್ಟೆ. ಲೈನಿನ ಹೆಂಗಸರು ಅಕ್ಕನನ್ನು ಕಂಡೊಡನೆ ಎದ್ದು ನಿಲ್ಲುತ್ತಿದ್ದರು. "ಕೂತ್ಕೊಳ್ರೇ ಅಂದ್ರೆ ಕೂರಲ್ಲ ಕಣೋ. ನಿಂತ್ಕೊಂಡು ಹೂಂ ಅನ್ನೋದು ಒಂದು ಮಾತಾ?" ಎನ್ನುತ್ತಿದ್ದಳು. ಸೋಮವಾರಪೇಟೆ ಕಡೆಯಿಂದ ಮದುವೆಯಾಗಿ ಹೋದವಳು ಅಷ್ಟು ವರ್ಷಗಳಲ್ಲಿ ಮಲಯಾಳ, ಕೊಡವ ತಕ್ಕ್, ತಮಿಳು ಎಲ್ಲವನ್ನೂ ಕಿವಿಯಿಂದಲೇ ಕಲಿತಿದ್ದಳು. ಆಡಲು ಮಾತ್ರ ಯಾರೂ ಇರಲಿಲ್ಲ. ಕೊನೆಕೊನೆಗೆ ಕೋಳಿಗಳೊಡನೆ ಮಾತಾಡುತ್ತಿದ್ದಳು. ಕೋಳಿಗಳು ಚೆನ್ನಾಗಿಯೇ ಉತ್ತರ ಕೊಡುತ್ತವೆ, ಆದರೆ ಹೇಳಿದ್ದನ್ನೇ ಹೇಳುತ್ತವೆ ಎಂಬುದು ಅವಳ ದೂರು.

ಪ್ರತಿ ಊರಿನಲ್ಲೂ ಎರಡು ರಾತ್ರಿ ತಂಗುವುದು, ಬೆಳಗಿನ ಜಾವ ರಸ್ತೆಯಲ್ಲಿ ನಿಂತು ಊರು ಯಾವಾಗ ಏಳುತ್ತದೆಂದು ನೋಡುವುದು, ಇದು ಭಾವನ ಪರೀಕ್ಷಾ ಕ್ರಮ.

ಮೊದಲು ಮಡಿಕೇರಿ. ನನ್ನ ಬಾಡಿಗೆ ಕೋಣೆಯಲ್ಲೇ ತಂಗಿದರು. ಮಳೆಯ ಕಾರಣಕ್ಕೆ ಈ ಊರು ಮೊದಲೇ ಅರ್ಧ ಬಿದ್ದುಹೋಗಿತ್ತು. ಉಳಿದರ್ಧವನ್ನು ಮಂಜು ಮುಗಿಸಿತು. ಭಾವ ಬೆಳಗಿನ ಜಾವ ಪೇಟೆಯ ನಡುವೆ ನಿಂತು ಕಾದರು. ಮಂಜಿನಲ್ಲಿ ಯಾರೋ ಕೆಮ್ಮಿದ ಸದ್ದು ಕೇಳಿತಂತೆ. ಎದ್ದವನ ಕೆಮ್ಮೋ ಮಲಗಿದವನ ಕೆಮ್ಮೋ ತಿಳಿಯಲಿಲ್ಲ. "ಕಣ್ಣಿಗೆ ಕಾಣದ ಊರನ್ನ ನೋಡಿ ಆರಿಸೋದು ಹೇಗಯ್ಯಾ?" ಎಂದು ನನ್ನನ್ನೇ ಗದರಿದರು, ಮಂಜು ನನ್ನ ಪತ್ರಿಕೆಯ ಪ್ರಕಟಣೆಯೇನೋ ಎಂಬಂತೆ.

ಅಕ್ಕನ ಪರೀಕ್ಷೆ ಇನ್ನೂ ಬೇಗ ಮುಗಿಯಿತು. ಪಕ್ಕದ ಮನೆಯಲ್ಲಿ ಕಚೇರಿಯ ಹೆಡ್ ಕ್ಲಾರ್ಕರ ಹೆಂಡತಿ ಇದ್ದರು. "ನಿಮ್ಮ ಯಜಮಾನ್ರು ಯಾವ ಆಫೀಸು?" ಎಂದು ಅವರೇ ವಿಚಾರಿಸಿದರು. ಎಸ್ಟೇಟ್ ರೈಟರ್ ಎಂದಳು ಅಕ್ಕ. "ಓಹೋ," ಎಂದವರು ಒಳಗೆ ಹಾಲು ಉಕ್ಕುತ್ತಿದೆ ಎಂದು ಹೋದರು. ಎರಡು ದಿನವೂ ಆ ಹಾಲು ಉಕ್ಕುತ್ತಲೇ ಇತ್ತು.

ವಿರಾಜಪೇಟೆಯಲ್ಲಿ ಭಾವ ಬಸ್ಸಿನಿಂದ ಇಳಿಯಲೇ ಇಲ್ಲ. ಬಸ್ಸು ಹೊರಡುವುದು ತಡವಾಯಿತು. ಡ್ರೈವರ್ ಇನ್ನೂ ಸ್ನಾನ ಮಾಡುತ್ತಿದ್ದಾನೆ ಎಂದು ಕಂಡಕ್ಟರ್ ಹೇಳಿದ. ಆ ಒಂದು ಮಾತಿನ ಮೇಲೆ ಇಡೀ ಪೇಟೆಯನ್ನು ಸೋಮಾರಿ ಎಂದು ತಳ್ಳಿಹಾಕಿದರು. ಡ್ರೈವರ್ ಬೇರೆ ಊರಿನವನಿರಬಹುದು ಎಂದು ನಾನು ಹೇಳಿದ್ದು ದಾಖಲಾಗಲಿಲ್ಲ.

ಸೋಮವಾರಪೇಟೆಯಲ್ಲಿ ನಮ್ಮ ಕಡೆಯ, ಭಾವನ ಕಡೆಯ ನೆಂಟರು ತುಂಬಿದ್ದರು. ಬಂದ ಸುದ್ದಿ ಹರಡಿದ್ದೇ ತಡ, ಯಾರ ಮನೆಯಲ್ಲಿ ಊಟ ಎಂಬುದರ ಮೇಲೆ ಅಕ್ಕನ ಅತ್ತೆಗೂ ಚಿಕ್ಕತ್ತೆಗೂ ಬೀದಿಯಲ್ಲೇ ಮಾತು ಬೆಳೆಯಿತು. ರಾಜಿ ಎಂಬಂತೆ ಭಾವ ಎರಡೂ ಮನೆಯಲ್ಲಿ ಉಂಡರು. ಕಡುಬು, ಕೋಳಿ ಸಾರು, ಮತ್ತೆ ಕಡುಬು. ಮರುದಿನ ಬಿಸಿಲು ಮುಖಕ್ಕೆ ಬಿದ್ದಾಗಲೇ ಅವರಿಗೆ ಎಚ್ಚರವಾದದ್ದು. ಹೊರಗೆ ಬಂದಾಗ ಊರೆಲ್ಲ ಎದ್ದು ಅರ್ಧ ಕೆಲಸ ಮುಗಿಸಿತ್ತು.

"ರೈಟರೇ, ನಿದ್ದೆ ಆಯ್ತಾ? ಕಂಬಿ ಬಡೀಲಿಲ್ವಾ ಯಾರೂ?" ಎಂದರು ಅಂಗಳದಲ್ಲಿದ್ದ ಅವರ ಚಿಕ್ಕಪ್ಪ.

ಊರು ಪಾಸಾಗಿ ತಾವೇ ಫೇಲಾದ ಸ್ಥಿತಿ. ಭಾವ ಹಲ್ಲುಜ್ಜಲು ಹೋದರು. "ಈ ಊರಲ್ಲಿದ್ರೆ ಮನುಷ್ಯ ಕೆಟ್ಟುಹೋಗ್ತಾನೆ," ಎಂದು ಬಸ್ಸಿನಲ್ಲಿ ತೀರ್ಪು ಕೊಟ್ಟರು.

ಅಕ್ಕನಿಗೆ ಇಲ್ಲಿ ಮಾತಾಡುವವರಿಗೆ ಕೊರತೆಯಿಲ್ಲವಲ್ಲ ಎಂದು ನಾನು ಕೇಳಿದೆ.

"ಮಾತಾಡೋರು ಅವರು. ನಾನು ಸೆರಗು ಹೊದ್ಕೊಂಡು ಕೇಳೋಳು. ಇಲ್ಲಿ ನಾನು ಬಾಯಿ ಬಿಟ್ಟೆ ಅನ್ನು, ಸಂಜೆಯೊಳಗೆ ನಾಲ್ಕು ಮನೆ ಸುತ್ಕೊಂಡು ಬಂದು ನನ್ನ ಅತ್ತೆ ಮುಂದೇನೇ ಕೂರುತ್ತೆ. ಅತ್ಲಾಗಿರ್ಲಿ ಬಿಡೋ." ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಾಚೆ ನೋಡುತ್ತಾ, "ಕೋಳಿಗಳನ್ನೇ ತರೋಣ ಅಂತೀಯಾ?" ಎಂದಳು. ನಗುತ್ತಲೇ ಹೇಳಿದಳು.

ಉಳಿದದ್ದು ಪೊನ್ನಂಪೇಟೆ. ಆಗ ಅದು ಒಂದು ರಸ್ತೆ, ಕೆಲವು ಅಂಗಡಿ, ಸುತ್ತ ಗದ್ದೆ ಮತ್ತು ತೋಟ. ಅಲ್ಲಿ ಒಂದೇ ಅಂಗಳದಲ್ಲಿ ಎರಡು ಹೆಂಚಿನ ಮನೆಗಳಿದ್ದವು. ನಡುವೆ ಸೊಂಟದೆತ್ತರದ ದಾಸವಾಳದ ಬೇಲಿ. ಒಂದು ಮನೆ ಬಹಳ ದಿನಗಳಿಂದ ಖಾಲಿ. ಅದರ ಯಜಮಾನರು ನೋಡಿಕೊಳ್ಳಿ ಎಂದು ಎರಡು ದಿನಕ್ಕೆ ಬೀಗದ ಕೈ ಕೊಟ್ಟರು. ನಾವು ಸೇರಿದಾಗ ಕತ್ತಲಾಗಿತ್ತು. ಪಕ್ಕದ ಮನೆಯಲ್ಲಿ ದೀಪ ಮಾತ್ರ ಕಂಡಿತು.

ಬೆಳಗಿನ ಜಾವ ಭಾವ ಎಂದಿನಂತೆ ಖಾಕಿ ಕೋಟು ತೊಟ್ಟು, ಬೆತ್ತ ಹಿಡಿದು, ಮನೆಯೆದುರಿನ ರಸ್ತೆಯಲ್ಲಿ ಅತ್ತಿಮರದ ಕೆಳಗೆ ನಿಂತರು. ಕೈಯಲ್ಲಿ ಜೇಬುಗಡಿಯಾರ. ನಾನು ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದೆ. ಅಕ್ಕ ಅಂಗಳದಲ್ಲಿ ಬೇಲಿಯ ಹತ್ತಿರ ನಿಂತಿದ್ದಳು.

ಕೊಯ್ಲು ಮುಗಿದಿತ್ತು. ಒಂದು ತೋಟ ಬಿಟ್ಟ ಆಳುಗಳು ಇನ್ನೊಂದನ್ನು ಹುಡುಕಿಕೊಂಡು ರಸ್ತೆ ಹಿಡಿಯುವ ಕಾಲ. ಮೊದಲು ಕತ್ತಿ ಸಿಕ್ಕಿಸಿಕೊಂಡ ಒಬ್ಬ ಮುದುಕ ಬಂದ. ಮಬ್ಬಿನಲ್ಲಿ ಖಾಕಿ ಕೋಟು, ಬೆತ್ತ, ಗಡಿಯಾರ ನೋಡಿದ. ನಿಂತ. ತಲೆಯ ಮೇಲಿನ ಕಂಬಳಿ ತೆಗೆದು ಭಾವನ ಹಿಂದೆ ಹತ್ತು ಮಾರು ದೂರದಲ್ಲಿ ನೆಟ್ಟಗೆ ನಿಂತ. ಅವನ ಹಿಂದೆ ಬಂದ ಇಬ್ಬರು ಹೆಂಗಸರು, ಅವನು ನಿಂತದ್ದನ್ನು ನೋಡಿ ಪಕ್ಕದಲ್ಲಿ ನಿಂತರು. ಆಮೇಲೆ ಬಂದವರು ಯಾರನ್ನೂ ಏನೂ ಕೇಳಲಿಲ್ಲ. ಬೆಳಗಿನ ಜಾವ ಕೋಟಿನವರೊಬ್ಬರು ನಿಂತಿದ್ದರೆ ಅವರ ಮುಂದೆ ಸಾಲು ನಿಲ್ಲುವುದು ಅವರ ಕಾಲುಗಳಿಗೇ ಗೊತ್ತಿತ್ತು.

ಭಾವ ಪೂರ್ವದ ಕಡೆ ನೋಡುತ್ತಿದ್ದವರು ಹಿಂದಕ್ಕೆ ತಿರುಗಿದರು. ಎದುರಿಗೆ ಸಾಲು.

ಇಲ್ಲಿ ಅವರು ಇವರೆಲ್ಲ ಯಾರು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ಕೈ ತಾನಾಗಿಯೇ ಜೇಬಿನಲ್ಲಿ ಪೆನ್ಸಿಲಿಗೆ ತಡಕಾಡಿತು.

"ಏಯ್, ಸಾಲು ನೆಟ್ಟಗೆ!" ಎಂದರು.

ಸಾಲು ನೆಟ್ಟಗಾಯಿತು.

"ಕತ್ತಿ ಇರೋರು ಮುಂದೆ. ಹೆಂಗಸರು ಈ ಕಡೆ, ಕಳೆಗೆ. ನೀವು ನಾಲ್ಕು ಜನ ಮೇಲಿನ ಬ್ಲಾಕಿಗೆ. ಏಯ್, ನೀನ್ಯಾರು ಕೊನೇಲಿ? ಯಾಕೆ ಲೇಟು?"

ಕೊನೆಯಲ್ಲಿದ್ದವನು ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿದ್ದ. "ನಾನು ಅಂಗಡಿ ತೆಗೆಯೋಕೆ ಹೋಗ್ತಿದ್ದೆ ಸಾರ್. ಎಣ್ಣೆ ಅಂಗಡಿ."

"ನಾಳೆಯಿಂದ ಬೇಗ ಬಾ."

"ಆಗ್ಲಿ ಸಾರ್."

ಅಷ್ಟರಲ್ಲಿ ಬೇಲಿಯ ಆಚೆ ಒಬ್ಬ ಹೆಂಗಸು ಚೊಂಬು ಹಿಡಿದುಕೊಂಡು ಬಂದು ನಿಂತಿದ್ದಳು. ಮಲಯಾಳದವಳು. ಕನ್ನಡವನ್ನು ತನಗೆ ಬೇಕಾದ ಹಾಗೆ ಆಡುತ್ತಿದ್ದಳು, ಅಕ್ಕಾ ಎನ್ನುವ ಬದಲು ಚೇಚೀ ಎನ್ನುತ್ತಿದ್ದಳು.

"ಎಂಡಮ್ಮೋ! ಚೇಚೀ, ಆ ಕೊನೇಲಿ ನಿಂತಿರೋದು ನಮ್ಮನೆಯವರಲ್ವಾ! ಅದಾರು ಚೇಚೀ, ಆ ಕೋಲು ಹಿಡ್ದೋರು?"

ಅಕ್ಕ ರಸ್ತೆಯನ್ನು ನೋಡಿದಳು. ನನ್ನನ್ನು ನೋಡಿದಳು. ಬೇಲಿಯಾಚೆಗಿನ ಮುಖವನ್ನು ನೋಡಿದಳು.

"ಯಾರೋ ಗೊತ್ತಿಲ್ಲಮ್ಮಾ. ನಾವು ನಿನ್ನೆ ರಾತ್ರಿ ಬಂದೋರು."

ಈ ಎರಡು ವಾಕ್ಯಗಳಲ್ಲಿ ಎರಡನೆಯದು ನಿಜ.

"ತಲೆ ಸರಿ ಇಲ್ವೋ ಏನೋ."

"ಇರಬೋದು. ಕೋಟು ನೋಡಿದ್ರೆ ಹಂಗೇ ಕಾಣ್ತದೆ."

"ಪಾವಂ, ಪಾಪ! ಯಾವಳು ಕಟ್ಕೊಂಡಳೋ!"

"ಅವಳ ಹಣೆಬರಹ," ಎಂದಳು ಅಕ್ಕ. ಅದೇ ಉಸಿರಿನಲ್ಲಿ ಮಲಯಾಳದಲ್ಲಿ ಇನ್ನೇನೋ ಸೇರಿಸಿದಳು. ಅದು ನನಗೆ ಅರ್ಥವಾಗಲಿಲ್ಲ. ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕರು. ಆ ಹೆಂಗಸಿನ ಚೊಂಬಿನ ನೀರು ಅರ್ಧ ಚೆಲ್ಲಿತು. ಅಕ್ಕ ಅಷ್ಟು ನಗುವುದನ್ನು ನಾನು ಅವಳ ಮದುವೆಯ ನಂತರ ನೋಡಿರಲಿಲ್ಲ.

ರಸ್ತೆಯಲ್ಲಿ ಮುದುಕ ಕೇಳಿದ: "ಯಾವ ತೋಟ ಸಾರ್?"

ಭಾವ ಬೆತ್ತ ಎತ್ತಿದರು, ತೋರಿಸಲು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ರಸ್ತೆ, ಅಂಗಡಿ, ಎರಡು ಹೆಂಚಿನ ಮನೆ. ಬೆತ್ತ ಮೆಲ್ಲಗೆ ಇಳಿಯಿತು. ಅದೃಷ್ಟಕ್ಕೆ ಹತ್ತಿರದ ತೋಟವೊಂದರ ಮೇಸ್ತ್ರಿ ಆಳು ಹುಡುಕಿಕೊಂಡು ಆಗಲೇ ಬಂದ. ಸಾಲನ್ನು ನೋಡಿ ಅವನ ಮುಖ ಅರಳಿತು.

"ಎಲ್ಲಾ ವಿಂಗಡಿಸಿಟ್ಟಿದ್ದೀರಲ್ಲ ಸಾರ್! ದೊಡ್ಡ ಉಪಕಾರ ಆಯ್ತು," ಎಂದು ಕೈಮುಗಿದು, ಎಣ್ಣೆ ಅಂಗಡಿಯವರೊಬ್ಬರನ್ನು ಬಿಟ್ಟು ಉಳಿದವರನ್ನು ಕರೆದುಕೊಂಡು ಹೋದ.

ಭಾವ ಸಂತೋಷದಿಂದ ಮನೆಯ ಕಡೆ ತಿರುಗಿದರು.

"ಅಯ್ಯೋ ಚೇಚೀ, ಇಲ್ಲಿಗೇ ಬರ್ತಿದ್ದಾನೆ! ಒಳಗೆ ಹೋಗಿ, ಬಾಗಿಲು ಹಾಕಿ!"

ಅಕ್ಕ ಒಳಗೆ ಓಡಿ ಬಾಗಿಲು ಹಾಕಿದಳು. ನನ್ನನ್ನೂ ಎಳೆದುಕೊಂಡಳು. ಅಗುಳಿ ಕೂಡ ಹಾಕಿದಳು.

"ಏ, ಬಾಗಿಲು ತೆಗೀ!" ಹೊರಗಿನಿಂದ ಭಾವ.

ಅಕ್ಕ ಬಾಗಿಲ ಸಂದಿಗೆ ಬಾಯಿ ಹಚ್ಚಿದಳು. "ಕೋಟು ಬಿಚ್ಚಿ ಹಿಂದಿನ ಬಾಗಿಲಿಂದ ಬನ್ನಿ."

"ಯಾಕೆ?"

"ಬಂದ್ಮೇಲೆ ಹೇಳ್ತೀನಿ. ಗದ್ದೆ ಕಡೆಯಿಂದ ಸುತ್ತಿ ಬನ್ನಿ."

ದೊರೆಗಳಿಗೂ ಹೆದರದ ಮನುಷ್ಯ ಗದ್ದೆಯ ಬದುವಿನ ಮೇಲೆ ನಡೆದು, ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಯಿಂದ ಒಳಗೆ ಬಂದರು. ಕಾರಣ ಕೇಳುವ ವ್ಯವಧಾನವೂ ಅವರಿಗಿರಲಿಲ್ಲ. "ಕಂಬಿ ಬಡೀದೇನೇ ಎದ್ದು ಬಂದು ನಿಲ್ಲೋ ಊರು!" ಎಂದರು. "ಇದೇ ಊರು. ಮುಗೀತು." ಅವರೆಲ್ಲ ಆ ಊರಿನವರೇ ಅಲ್ಲ, ದಾರಿಹೋಕರು ಎಂದು ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು. ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತದೆ ಎಂದು ತಿಳಿದಾಗಲೂ, ಮಧ್ಯಾಹ್ನ ಓದಿದ ಸುದ್ದಿ ಚೆನ್ನಾಗಿ ಜೀರ್ಣವಾಗುತ್ತದೆ ಎಂದರು.

ಆಮೇಲಿನದು ಅಕ್ಕನ ಚಿಂತೆ. ಊರು ಸಿಕ್ಕಿತು, ಬೇಲಿ ಸಿಕ್ಕಿತು, ಬೇಲಿಯಾಚೆ ಮಾತಾಡುವವಳೂ ಸಿಕ್ಕಿದಳು. ಅವಳ ಮುಂದೆ ಗೊತ್ತಿಲ್ಲ ಎಂದ ಗಂಡನನ್ನು ಈಗ ಎಲ್ಲಿಡುವುದು? ಸಾಮಾನು ಕಟ್ಟುವಾಗಲೆಲ್ಲ ಅದೇ ಮಾತು. "ಸುಳ್ಳಿ ಅಂತ ಮುಖ ತಿರುಗ್ಸಿದ್ರೆ? ಮತ್ತೆ ಕೋಳಿಗಳೇ ಕಣೋ." ಖಾಕಿ ಕೋಟನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಅದರ ಮೇಲೆ ಒರಳುಕಲ್ಲಿನ ಗುಂಡು ಇಟ್ಟಳು.

ಮಳೆಗೆ ಮುಂಚೆ ಎತ್ತಿನ ಗಾಡಿಯಲ್ಲಿ ಹೋಗಿ ಇಳಿದೆವು. ಭಾವ ಬರೀ ಪಂಚೆಯಲ್ಲಿದ್ದರು, ಬೇರೆ ಯಾರೋ ಎಂಬಂತೆ ಕಾಣಲು ಶಕ್ತಿಮೀರಿ ಪ್ರಯತ್ನಿಸುತ್ತಿದ್ದರು. ಎದುರಿಗೆ ಎಣ್ಣೆ ಅಂಗಡಿಯವರು ಬಂದರು. ಭಾವನನ್ನು ಕಂಡವರೇ ನೆಟ್ಟಗೆ ನಿಂತರು.

"ಇವತ್ತು ಲೇಟಾಗಿಲ್ಲ ಸಾರ್. ಬೆಳಗ್ಗೇನೇ ತೆಗೆದಿದ್ದೀನಿ."

ಬೇಲಿಯಾಚೆ ಅವರ ಹೆಂಡತಿ ನಿಂತಿದ್ದಳು. ಅಕ್ಕ ತಲೆಯೆತ್ತದೆ ಕೊಡವನ್ನು ಇಳಿಸಿದಳು.

"ಚೇಚೀ," ಎಂದಳು ಆಕೆ, "ಆ ಕೋಟಿನವರ ಪರಿಚಯ ಆಯ್ತಾ?"

ಅಕ್ಕ ಕೊಡದ ಬಾಯಿಯನ್ನು ಸೆರಗಿನಿಂದ ಒರೆಸಿದಳು. "ಆಯ್ತು. ಈಗೀಗ."

"ನಂಗೆ ಅವತ್ತು ಮಧ್ಯಾಹ್ನಾನೇ ಗೊತ್ತು. ಮನೆ ನೋಡೋಕೆ ರೈಟರು ಬಂದಿದ್ದಾರೆ ಅಂತ ಈ ಮನೆ ಯಜಮಾನ್ರು ನಮ್ಮಂಗಡೀಲಿ ಹೇಳಿದ್ರು."

"ಮತ್ತೆ ಕೇಳ್ಲಿಲ್ವಲ್ಲೇ ನನ್ನ?"

"ಕೇಳಿದ್ರೆ ನೀವು ನಾಚ್ಕೊಂಡು ಮನೆ ಬೇಡ ಅಂದ್ರೆ? ಈ ಮನೆ ಖಾಲಿ ಬಿದ್ದು ನಾನು ಯಾರ ಹತ್ರ ಮಾತಾಡಿ ಎಷ್ಟು ದಿವ್ಸ ಆಯ್ತು! ನಮ್ಮನೇಲಿ ಇರೋದು ಎರಡು ಆಡು."

"ಆಡು ಉತ್ತರ ಕೊಡ್ತಾವಾ?" ಎಂದಳು ಅಕ್ಕ. ಕೊಡ ಅಲ್ಲೇ ಉಳಿಯಿತು.

ಗಾಡಿಯ ಸಾಮಾನನ್ನು ನಾನು ಮತ್ತು ಭಾವ ಇಳಿಸಿದೆವು. ಕಾಫಿ ಕತ್ತಲಾದ ಮೇಲೆ ಬಂತು. ಮುಂದಿನ ವರ್ಷ ಹೋದಾಗ ಊರು ಹೇಗಿದೆ ಎಂದು ಭಾವನನ್ನು ಅಧಿಕೃತವಾಗಿ ಕೇಳಿದೆ. ಅವರು ಒಳಗೆ ಖಾಲಿ ಒಲೆಯನ್ನೂ, ಹೊರಗೆ ಬೇಲಿಗೆ ಒರಗಿ ನಿಂತ ಅಕ್ಕನನ್ನೂ ನೋಡಿ ಹೇಳಿದರು:

"ಊರು ಒಳ್ಳೇದು. ಬೇಲಿ ಮಾತ್ರ ಸ್ವಲ್ಪ ತಗ್ಗು."