ನಾಲ್ಕು ತಿಂಗಳ ಮಳೆ ತಿಂದ ನಾಯಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ವಸಂತದ ಸುಳಿವು ಎಲ್ಲರಿಗಿಂತ ಮೊದಲು ಹತ್ತುತ್ತಿದ್ದದ್ದು ಕೆಂಚನಿಗೆ. ಕೆಂಚ ಅಂದರೆ ನಮ್ಮ ನಾಯಿ. ಇಟ್ಟಂಗಿ ಬಣ್ಣದ ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಚಳಿಗಾಲವೆಲ್ಲ ಒಲೆಯ ಬೂದಿಯ ಹತ್ತಿರ ಸುರುಳಿಯಾಗಿ ಬಿದ್ದಿರುತ್ತಿದ್ದವನು ಒಂದು ಬೆಳಗ್ಗೆ ಅಂಗಳಕ್ಕೆ ಬಂದು, ಮೂಗು ಮೇಲೆತ್ತಿ, ಕಣ್ಣು ಮುಚ್ಚಿ ಗಾಳಿ ಕುಡಿಯುತ್ತಾ ನಿಲ್ಲುತ್ತಿದ್ದ. ಬೇವು ಹೂ ಬಿಟ್ಟಿದೆ ಅಂತ ನಮಗೆ ಆಗ ತಿಳಿಯುತ್ತಿತ್ತು.

ನಾವಿದ್ದದ್ದು ಬಸವಕಲ್ಯಾಣದಲ್ಲಿ. ಆಗ ಊರನ್ನು ಎಲ್ಲರೂ ಕಲ್ಯಾಣಿ ಅನ್ನುತ್ತಿದ್ದರು. ಹೊಲ ಮೋರಖಂಡಿಯ ದಾರಿಗೆ ಇತ್ತು. ಒಂದು ವರ್ಷ ಅಂಥದೇ ಒಂದು ದಿನ ನಸುಕಿನಲ್ಲೇ ಅಪ್ಪ, ಅಕ್ಕ, ನಾನು ಬುತ್ತಿ ಕಟ್ಟಿಕೊಂಡು ಹೊರಟೆವು. ಕೆಂಚ ಎಲ್ಲರಿಗಿಂತ ಮುಂದೆ. ದಾರಿಯ ಎರಡೂ ಕಡೆ ಮುತ್ತುಗದ ಗಿಡಗಳು ಎಲೆ ಉದುರಿಸಿ ಬರೀ ಹೂ ಹೊತ್ತು ನಿಂತಿದ್ದವು. ಗೊರವಂಕಗಳು ಹೂವಿನೊಳಗೆ ಕೊಕ್ಕು ಅದ್ದಿ ಜೇನು ಕುಡಿದು, ಹಣೆಗೆಲ್ಲ ಹಳದಿ ಪುಡಿ ಹಚ್ಚಿಕೊಂಡು ಹಾರುತ್ತಿದ್ದವು. ದೂರದ ಬಯಲಲ್ಲಿ ಚಿಗರಿ ಜಿಂಕೆಗಳ ಹಿಂಡು ನಿಂತಿತ್ತು. ಕೆಂಚ ಒಮ್ಮೆ ಬೊಗಳಿದ್ದೇ ತಡ, ನೆಲವೇ ಬೇಡವೆಂಬಂತೆ ಜಿಗಿದು ಜಿಗಿದು ಬೆಳಕಿನಲ್ಲಿ ಕರಗಿಹೋದವು. ಅವನು ಬೆನ್ನು ಹತ್ತಲಿಲ್ಲ. ಚಿಗರಿ ಇರುವುದು ನೋಡುವುದಕ್ಕೆ ಅಂತ ಅವನಿಗೆ ಗೊತ್ತಿತ್ತು.

ಹೊಲದಲ್ಲಿ ಕಡಲೆ ಕಿತ್ತಾಗಿತ್ತು. ಬೋಳಾದ ಕರಿ ನೆಲದ ನಡುವೆ, ಹುಲ್ಲುಕಡ್ಡಿಯ ಆಸರೆಯೂ ಇಲ್ಲದೆ, ಟಿಟವಿ ಹಕ್ಕಿ ನಾಲ್ಕು ತತ್ತಿ ಇಟ್ಟಿತ್ತು. ಹಳದಿ ಕಾಲಿನ, ಕಣ್ಣ ಮುಂದೆ ಕೆಂಪು ಚರ್ಮದ, ಸದಾ ಜಗಳಕ್ಕೆ ನಿಂತಂತೆ ಒದರುವ ಹಕ್ಕಿ ಅದು. ಬಿಸಿಲು ಏರಿದಾಗ ಹಳ್ಳಕ್ಕೆ ಹೋಗಿ ಎದೆಯ ಪುಕ್ಕ ತೋಯಿಸಿಕೊಂಡು ಬಂದು, ಆ ತಂಪನ್ನು ತತ್ತಿಗಳಿಗೆ ಉಣಿಸುತ್ತಿತ್ತು. ಟಿಟವಿ ಎಷ್ಟು ತತ್ತಿ ಇಡುತ್ತದೋ ಆ ಹೊಲಕ್ಕೆ ಅಷ್ಟು ತಿಂಗಳು ಒಳ್ಳೆಯ ಮಳೆ ಅಂತ ನಮ್ಮ ಕಡೆ ಹಿರಿಯರು ಎಣಿಸುತ್ತಿದ್ದರು. ಅದಕ್ಕೇ ಅಪ್ಪ ತತ್ತಿಗಳ ಸುತ್ತ ಜಾಲಿಯ ಮುಳ್ಳು ಇಟ್ಟು, ಅಲ್ಲಿ ನೇಗಿಲು ಮುಟ್ಟಿಸದೆ ಬಿಟ್ಟಿದ್ದರು.

ನಾವು ಹೊಲ ಮುಟ್ಟುವಷ್ಟರಲ್ಲಿ ಕೆಂಚ ಆ ಮುಳ್ಳಿನ ಪಕ್ಕ ಮಲಗಿದ್ದ. ಮೂಗು ಮುಂಗಾಲಿನ ಮೇಲೆ. ಮೇಲೆ ಎರಡು ಟಿಟವಿಗಳು ಕೂಗಾಡುತ್ತಾ ಅವನ ತಲೆಯ ತನಕ ಇಳಿದು ಇಳಿದು ಏರುತ್ತಿದ್ದವು. ಅಪ್ಪ ಬಗ್ಗಿ ನೋಡಿದರು. ತತ್ತಿ ಇದ್ದ ಜಾಗ ಬರಿದಾಗಿತ್ತು.

"ಚಿಪ್ಪಿ ಸೈತ ಬಿಟ್ಟಿಲ್ಲ ನೋಡು! ನಾಕ ತಿಂಗಳ ಮಳಿ ನುಂಗಿ ಹ್ಯಾಂಗ ಮಲ್ಕೊಂಡಾನ!" ಅಂದರು ಅಪ್ಪ.

"ತತ್ತಿ ಹೋಗಿದ್ರ ಹಕ್ಕಿ ಇನ್ನ ಯಾಕ ಒದರಾಕತ್ತಾವ?" ಅಂತ ಅಕ್ಕ ಕೇಳಿದಳು.

"ಹೊಟ್ಟಿ ಉರದು ಒದರಾಕತ್ತಾವ. ಮತ್ತ್ಯಾಕ?"

ಆ ಹೊತ್ತಿಗೆ ಕಡಲೆ ಚೀಲ ಹೇರಿಕೊಂಡು ಹುಮನಾಬಾದಿನ ಸಂತೆಗೆ ಒಯ್ಯಲು ಗಾಡಿ ಚಾಚಾ ಬಂದರು. ಎತ್ತಿನ ಗಾಡಿ ಹೊಡೆಯುವ ಅವರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಅಪ್ಪ ಅವರಿಗೆ ಹೇಳಿಬಿಟ್ಟರು: "ಚಾಚಾ, ಹೋಗೋ ಮುಂದ ಈ ನಾಯಿನೂ ಒಯ್ರಿ. ಘಾಟಬೋರಾಳದಾಗ ನಮ್ಮ ಮಾವನ ಮನ್ಯಾಗ ಬಿಡ್ರಿ. ತತ್ತಿ ರುಚಿ ಹತ್ತಿದ ನಾಯಿ ಹೊಲದಾಗ ಬ್ಯಾಡ."

ಘಾಟಬೋರಾಳ ಅಂದರೆ ಆಗ ನನಗೆ ಭೂಮಿಯ ಅಂಚು. ಕೆಂಚನನ್ನು ಬೇವಿನ ಗಿಡಕ್ಕೆ ಕಟ್ಟಿದರು. ಚಾಚಾ ಮತ್ತು ಅಪ್ಪ ಚೀಲ ಹೊತ್ತು ಹೊತ್ತು ಹಾಕುತ್ತಿದ್ದರು. ನಾನು ಇನ್ನೆಷ್ಟು ಚೀಲ ಉಳಿದಿವೆ ಅಂತ ಎಣಿಸುತ್ತಿದ್ದೆ. ಬೇವಿನ ಹೂ ಸಣ್ಣಗೆ ಉದುರಿ ಕೆಂಚನ ಬೆನ್ನ ಮೇಲೆ ಬೀಳುತ್ತಿತ್ತು. ಅವನಿಗೆ ಅದರ ಪರಿವೆ ಇಲ್ಲ. ಹಗ್ಗ ಜಗ್ಗಿ ಜಗ್ಗಿ ಹೊಲದ ಕಡೆಗೇ ನೋಡುತ್ತಿದ್ದ.

ಹೋಗುವವನಿಗೆ ಕೊನೆಯ ಸಲ ಹೊಲ ತೋರಿಸೋಣ ಅಂತ ನಾನು ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದೆ. ಅವನು ನನ್ನನ್ನು ಎಳೆದುಕೊಂಡೇ ಹೋದ. ಮುಳ್ಳಿನ ಬೇಲಿ ದಾಟಿ ನಾಲ್ಕು ಮಾರು ಆಚೆ, ನೇಗಿಲ ಸಾಲೊಂದರ ಹತ್ತಿರ, ಮತ್ತೆ ಹಾಗೇ ಮಲಗಿಬಿಟ್ಟ. ನಾನೂ ಅವನ ಪಕ್ಕ ಹೊಟ್ಟೆ ಹಚ್ಚಿ ಮಲಗಿ, ಅವನ ಕೊರಳಿಗೆ ಮುಖ ಒತ್ತಿದೆ. ನೆಲ ಬೆಚ್ಚಗಿತ್ತು. ಮಣ್ಣಿನ ವಾಸನೆ, ಕೆಂಚನ ವಾಸನೆ, ಎಲ್ಲೋ ಮೇಲೆ ಬಾನಾಡಿಯ ಹಾಡು. ಕಣ್ಣು ಮುಚ್ಚುವಂತಾಯಿತು.

ಆಗ ಎದುರಿನ ಹೆಂಟೆಯೊಂದು ಕಣ್ಣು ಮಿಟುಕಿಸಿತು.

ಹೌದು, ಮಣ್ಣಿನ ಹೆಂಟೆ! ನಾನು ಉಸಿರು ಹಿಡಿದೆ. ಮಣ್ಣಿನದೇ ಬಣ್ಣದ ತುಪ್ಪಳ, ಕತ್ತಿಗೆ ಬಿಳಿಯ ಗೆರೆ, ಸಾಸಿವೆಯಂಥ ಕಣ್ಣು. ಅದರ ಹಿಂದೆ ಇನ್ನೊಂದು. ಕೆಂಚನ ಮುಂಗಾಲಿಗೆ ತಾಗಿ ಮತ್ತೊಂದು. ಅವನು ಆ ಕಾಲನ್ನು ಕೂದಲೆಳೆಯಷ್ಟೂ ಅಲುಗಿಸಿರಲಿಲ್ಲ.

"ಅಕ್ಕಾ, ಮಳಿ ಇಲ್ಲೇ ಐತಿ!" ಅಂತ ಕೂಗಿದೆ.

ಅಕ್ಕನ ಹಿಂದೆಯೇ ಅಪ್ಪ ಓಡಿಬಂದು ಮಂಡಿಯೂರಿದರು. ಎಷ್ಟೋ ಹೊತ್ತು ಅವರಿಗೆ ಏನೂ ಕಾಣಲಿಲ್ಲ. ಅಕ್ಕ ಬೆರಳು ಮಾಡಿ ತೋರಿಸಿದ ಮೇಲೆ ಒಂದೊಂದಾಗಿ ಕಂಡವು. ನಾಲ್ಕೂ ಇದ್ದವು. ತತ್ತಿ ಒಡೆದ ದಿನವೇ ಟಿಟವಿ ಮರಿ ಎದ್ದು ನಡೆಯುತ್ತದೆ, ಚಿಪ್ಪನ್ನು ತಾಯಿ ದೂರ ಒಯ್ದು ಚೆಲ್ಲುತ್ತದೆ. ಅಪ್ಪನಿಗೂ ಅದು ಗೊತ್ತಿದ್ದದ್ದೇ. ತತ್ತಿ ಒಡೆಯಲು ಇನ್ನೂ ದಿನ ಇದೆ ಅಂದುಕೊಂಡಿದ್ದ ಅವರ ಲೆಕ್ಕ ತಪ್ಪಿತ್ತು.

ಗಾಡಿಯ ಹತ್ತಿರದಿಂದ ಚಾಚಾ ಕೇಳಿದರು: "ಯಾಕ್ರಿ, ಕೈದಿ ತಯಾರ್ ಆದನೇನ್ರಿ?"

"ಕೈದಿ ಬಿಡುಗಡಿ ಆದ, ಚಾಚಾ. ನೀವು ಹೋಗ್ಬರ್ರಿ."

"ಹಂಗಾದ್ರ ಜಡ್ಜ್ ಸಾಹೇಬ್ರನ್ನ ಘಾಟಬೋರಾಳಕ್ಕ ಬಿಟ್ಟು ಬರ್ಲೇನು? ಜಾಗಾ ಐತಿ!"

ಅಪ್ಪ ನಕ್ಕರು. ಕೆಂಚನ ಕೊರಳಿನ ಹಗ್ಗ ಬಿಚ್ಚಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಊಟದ ಹೊತ್ತಿಗೆ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಮುಂದಿಟ್ಟರು. ಅವನು ಅದನ್ನು ತಿಂದು ಮತ್ತೆ ಸಾಲಿನ ಹತ್ತಿರವೇ ಹೋಗಿ ಮಲಗಿದ.

ಮಕ್ಕಳೇ, ನಿಮ್ಮ ಟಿವಿಯಲ್ಲಿ ಹುಲಿ, ಆನೆ, ಹಿಮದ ಕರಡಿ ಎಲ್ಲವೂ ಮನೆಗೇ ಬರುತ್ತವೆ. ಯಾರೋ ಹೆಸರು ಹೇಳುತ್ತಾರೆ, ಹಿಂದೆ ವಾದ್ಯ ನುಡಿಯುತ್ತದೆ. ನೋಡಿ, ಖುಷಿಪಡಿ. ನಾನೂ ನಿಮ್ಮ ಜೊತೆ ಕೂತು ನೋಡುತ್ತೇನೆ. ನಮಗೆ ಮಾತ್ರ ಎಲ್ಲಿ ನೋಡಬೇಕು ಅಂತ ತೋರಿಸಲು ಒಂದು ನಾಯಿಯಷ್ಟೇ ಇತ್ತು. ನೀವು ಸಂಜೆ ನಿಮ್ಮ ನಾಯಿಗೆ ಬೆಲ್ಟು ಹಾಕಿ ರಸ್ತೆಯ ಮೇಲೆ ಕರೆದೊಯ್ಯುವಾಗ ಅದು ಒಮ್ಮೊಮ್ಮೆ ಸುಮ್ಮನೆ ನಿಂತುಬಿಡುತ್ತದಲ್ಲ, ಆಗ ಎಳೆಯಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಅಂಗಿ ಕೊಳೆಯಾದರೆ ಅಜ್ಜ ಹೇಳಿದ ಅನ್ನಿ.