ಟೇಪಿಗೆ ಸಿಗದ ರಾಶಿ

ದರ್ಜಿ ಮಾವನಿಗೆ ಊರವರ ಸೊಂಟ, ತೋಳು ಅಳೆದದ್ದು ಸಾಲದು. ಪ್ರತಿ ಭಾನುವಾರ ತಾವಿನ್ನೂ ಓದದ ಪುಸ್ತಕಗಳ ರಾಶಿಯನ್ನೂ ಅಳೆಯಬೇಕು. ಟೇಪಿನ ಒಂದು ತುದಿಯನ್ನು ಕಾಲ್ಬೆರಳಿನಿಂದ ನೆಲಕ್ಕೆ ಒತ್ತಿ, ಇನ್ನೊಂದನ್ನು ಮೇಲಕ್ಕೆಳೆದು, "ವರ್ಷಕ್ಕೊಂದು ಇಂಚು ಇಳಿಸ್ಬೇಕು ಅಂತಿದ್ದೆ, ಈ ತಿಂಗಳೇ ಮೂರು ಏರಿದೆ!" ಎಂದು ಮೊಮ್ಮಗು ಎತ್ತರ ಬೆಳೆದಷ್ಟು ಹಿಗ್ಗುತ್ತಾರೆ. ಗಿರಾಕಿ ಇಲ್ಲದಾಗ ಹೊಲಿಗೆ ಯಂತ್ರದ ಮೇಲೆ ಪುಸ್ತಕ ಬಿಡಿಸಿ, ಸಾಲಿನ ಕೆಳಗೆ ಬೆರಳಾಡಿಸುತ್ತ ಓದುತ್ತಾರೆ. ದಿನಕ್ಕೆ ಒಂದೇ ಪುಟ, ತಪ್ಪಿದರೆ ಅಂದು ಊಟ ಸೇರದು. ಎದೆಮಟ್ಟದ ಈ ರಾಶಿ ಕರಗಬೇಕಾದರೆ ಮಾವ ಇನ್ನೂ ಐವತ್ತು ವರ್ಷ ಗಟ್ಟಿಯಾಗಿರಬೇಕು ಎಂದು ಹೊಸ ಸೊಸೆ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಮೊನ್ನೆ ಭಾನುವಾರ ಅಟ್ಟ ಗುಡಿಸುವಾಗ ಅವಳಿಗೆ ಮಾವನ ಹಳೆಯ ಅಳತೆ ಪುಸ್ತಕವೊಂದು ಸಿಕ್ಕಿತು. ಅಂಕಿಗಳೆಲ್ಲ ಅಚ್ಚುಕಟ್ಟಾಗಿದ್ದವು. ಆದರೆ ಗಿರಾಕಿಯ ಹೆಸರಿರಬೇಕಾದ ಕಡೆ ಒಂದೊಂದು ಚಿತ್ರ: ಇಲ್ಲೊಂದು ಮೀಸೆ, ಅಲ್ಲೊಂದು ಕನ್ನಡಕ, ಕೆಳಗೊಂದು ಬೋಳುತಲೆ. ಕೆಳಗಿಳಿದು ಬಂದು ತೋರಿಸಿ, "ಇದೇನು ಮಾವ?" ಎಂದಳು. "ಆಗ ನಂಗೆ ಅಂಕಿ ಬಿಟ್ರೆ ಒಂದಕ್ಷರ ಬರ್ತಿರ್ಲಿಲ್ಲಮ್ಮ. ಓದೋಕೆ ಕಲಿತಿದ್ದೇ ಅರವತ್ತು ದಾಟಿದ್ಮೇಲೆ. ಯಾರಾದ್ರೂ ಮೀಸೆ ಬೋಳಿಸ್ಕೊಂಡು ಬಂದ್ರೆ ಅವ್ರ ಅಳತೆ ಹುಡುಕೋಕೆ ನಾನು ಪಟ್ಟ ಪಾಡು ನಂಗೇ ಗೊತ್ತು!" ಎಂದು ನಗುತ್ತ ಮಾವ ಕೊರಳಿನಿಂದ ಟೇಪು ತೆಗೆದರು. ಸೊಸೆಗೆ ನಗು ಬರಲಿಲ್ಲ. ದಿನವೂ ಕಂಡ ಆ ರಾಶಿಯನ್ನು ಬುಡದಿಂದ ತುದಿಯವರೆಗೆ ಬೆರಗಾಗಿ ನೋಡಿದಳು. ಆಮೇಲೆ ಬಗ್ಗಿ, ಟೇಪಿನ ತುದಿಯನ್ನು ತಾನೇ ನೆಲಕ್ಕೆ ಒತ್ತಿ ಹಿಡಿದು, "ಎಷ್ಟಾಯ್ತು ನೋಡಿ ಮಾವ" ಎಂದಳು.